ಕೇಪಳಕ್ಕೆ ಒಂದು ಬೇಸಿಗೆ

ನೀರು ಕೇಳದ ಗಿಡ ನೆಡುವ ನನಗೆ ಗಿಡಗಳಿಂದ ಏನೂ ತೊಂದರೆಯಿಲ್ಲ. ಜನರ ಪ್ರೀತಿಯಿಂದ ಮಾತ್ರ ದಿನಕ್ಕೊಂದು ಫಜೀತಿ.

೧. ಸಂಘ

ಮಣಿಪಾಲದ ಒಂದು ಅಪಾರ್ಟ್‌ಮೆಂಟಿನ ಹಿಂದೆ ಬರೀ ಮುರಕಲ್ಲಿನ ಇಳಿಜಾರು. ಅದರ ನೆಲ ಮುಚ್ಚುವಂತೆ, ಬೇಸಿಗೆಯಲ್ಲಿ ಕೆಂಪು ಗೊಂಚಲು ಹೂ ಬಿಡುವ ಕೇಪಳದ ಗಿಡ ನೆಡುತ್ತೇನೆ ಎಂದೆ. ಕಾರ್ಕಳದ ನನ್ನ ನರ್ಸರಿಯಲ್ಲಿ ಎರಡು ವರ್ಷ ಮಕ್ಕಳ ಹಾಗೆ ಸಾಕಿದ ಗಿಡಗಳು.

ಅಪಾರ್ಟ್‌ಮೆಂಟಿನ ಸಂಘದ ಸೆಕ್ರೆಟರಿ ನಿವೃತ್ತ ಬ್ಯಾಂಕ್ ಮ್ಯಾನೇಜರ್. “ಇದು ಗುಡ್ಡೆಯಲ್ಲಿ ತನ್ನಷ್ಟಕ್ಕೆ ಬೆಳೆಯುವುದಲ್ವಾ? ನೀವು ಎಂತಕ್ಕೆ?” ಎಂದರು.

“ಗುಡ್ಡೆಯಲ್ಲಿ ಸಂಘ ಇಲ್ಲ ಸರ್.”

ಅವರು ನಗಲಿಲ್ಲ. “ಒಂದು ಬೇಸಿಗೆ ನೋಡುವ. ಇಳಿಜಾರು ಕೆಂಪಗೆ ಕಾಣದಿದ್ದರೆ ಎಲ್ಲ ಕಿತ್ತು ಲಾನ್ ಹಾಕಿ.”

ಆಮೇಲೆ ನಾನೂ ನಗಲಿಲ್ಲ.

೨. ಕರುಣೆ

ಮಳೆಗಾಲದಲ್ಲಿ ನೆಟ್ಟ ಗಿಡ ಚೆನ್ನಾಗಿ ಬೇರು ಹಿಡಿಯಿತು. ಫೆಬ್ರವರಿಯಲ್ಲಿ ‘ಇನ್ನು ನೀರು ಬೇಡ’ ಎಂದು ಬೋರ್ಡು ಹಾಕಿದೆ. ಹದಿನೈದೇ ದಿನದಲ್ಲಿ ಎಲೆಗಳು ಹಳದಿ. ಬುಡ ಕೆದಕಿದರೆ ಕೆಸರು. ಬಾಗಲಕೋಟೆ ಕಡೆಯಿಂದ ಬಂದು ಅಲ್ಲಿ ಕಸ ಗುಡಿಸುವ ಹೆಂಗಸು ಬಕೆಟ್ ಹಿಡಿದು ನಿಂತಿದ್ದಳು.

“ಎಂತಮ್ಮ, ಬೋರ್ಡು ನೋಡಲಿಲ್ವಾ?”

“ನೋಡೀನ್ರೀ. ನಮ್ಮ ಕಡೆ ಬಂದೋರಿಗೆ ಮೊದ್ಲ ನೀರ್ ಕೊಡ್ತೀವ್ರೀ. ಇವು ಬಿಸಿಲಾಗ ನಿಂತು ನನ್ನ ಮಾರಿ ನೋಡಾಕತ್ತಾವು, ಹ್ಯಾಂಗ ಬಿಡ್ಲಿ?”

ನಾನು ಬಕೆಟ್ ಇಸಿದುಕೊಂಡು ಪಕ್ಕಕ್ಕಿಟ್ಟೆ. ಅಷ್ಟರಲ್ಲಿ ಎರಡನೇ ಮಹಡಿಯಲ್ಲಿರುವ, ಕಾಪು ಊರಿನ ಅಕ್ಕ ಒಬ್ಬರು ಪಾತ್ರೆ ಹಿಡಿದು ಇಳಿದು ಬಂದರು.

“ಅಕ್ಕಾ, ನೀವೂ ನೀರು ಹಾಕುವುದಾ?”

“ಇಲ್ಲ ಮಾರಾಯ್ರೆ, ಇದು ಅಕ್ಕಿ ತೊಳೆದದ್ದು.”

ಬೋರ್ಡಿನಲ್ಲಿ ಅದರ ಬಗ್ಗೆ ಬರೆದಿರಲಿಲ್ಲ, ತಪ್ಪು ನನ್ನದೇ.

೩. ಶುಕ್ರವಾರ

ನೀರು ಹಾಕುವುದು ನಿಂತಿತು, ಗಿಡ ಚೇತರಿಸಿತು. ಏಪ್ರಿಲ್‌ನ ಒಂದು ಸಂಜೆ ನೋಡಿದರೆ ಇಳಿಜಾರಿನ ತುಂಬ ಕೆಂಪು ಗೊಂಚಲು. ಖುಷಿಯಲ್ಲಿ ಸೆಕ್ರೆಟರಿಗೆ ಫೋನ್ ಮಾಡಿ, “ನಾಳೆ ಎಂಟಕ್ಕೆ ಬನ್ನಿ ಸರ್” ಎಂದೆ. ನಾಳೆ ಶುಕ್ರವಾರ ಎಂಬುದು ನನಗೆ ಹೊಳೆಯಲೇ ಇಲ್ಲ.

ಎಂಟಕ್ಕೆ ಹೋದರೆ ಬರೀ ಹಸಿರು. ಸೆಕ್ರೆಟರಿ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. “ಲಾನ್ ಯಾವಾಗ ಹಾಕ್ತೀರಿ?”

ನಾನು ಬಗ್ಗಿ ನೋಡಿದೆ, ಗೊಂಚಲುಗಳನ್ನೆಲ್ಲ ಯಾರೋ ಚಿವುಟಿದ್ದರು. ಬಾಲ್ಕನಿಯಿಂದ ಇದನ್ನು ಕೇಳಿದ ಕಾಪುವಿನ ಅಕ್ಕ ಒದ್ದೆ ಕೈಯಲ್ಲೇ ಇಳಿದು ಬಂದರು.

“ಶುಕ್ರವಾರ ಅಲ್ವಾ ಸರ್, ದೇವಿಗೆ ಕೆಂಪು ಹೂ ಬೇಡ್ವಾ? ಬೆಳಿಗ್ಗೆ ಐದಕ್ಕೇ ಎಲ್ಲರೂ ಸೇರಿ ಕೊಯ್ದೆವು. ನಿಮ್ಮ ಮನೆಗೂ ನಾನೇ ಕೊಟ್ಟದ್ದು.”

“ಅದು ಸರಿ. ಆದರೆ ಮಾತು ಮಾತೇ. ಕೆಂಪು ಇಲ್ಲ, ಲಾನ್ ಹಾಕುವ.”

“ಹಾಕಿ ಸರ್. ಹುಲ್ಲು ಗರಿಕೆ ಅಂತ ಗಣಪತಿಗಾಯಿತು. ದೇವಿಗೆ ಎಂತ ಉತ್ತರ ಕೊಡುವುದು ಅಂತ ಮಾತ್ರ ನೀವೇ ಹೇಳಬೇಕು.”

ಸೆಕ್ರೆಟರಿ ಕನ್ನಡಕ ತೆಗೆದು ಜೇಬಿಗಿಟ್ಟರು. “ಹಾಗಾದರೆ ಕೇಪಳವೇ ಇರಲಿ” ಎಂದರು. ನನಗೆ ಕಣ್ಣು ತುಂಬಿ ಬಂತು. ಅವರು ಮಾತ್ರ ಸಣ್ಣ ಮುಖ ಮಾಡಿಕೊಂಡು, “ಗಿಡದಲ್ಲಿ ಒಂದು ಗೊಂಚಲಾದರೂ ನನಗೆ ನೋಡಲಿಕ್ಕೆ ಬೇಡ್ವಾ?” ಎಂದರು.

“ಅದಕ್ಕೆಂತ ಸರ್,” ಎಂದರು ಅಕ್ಕ, “ಪೂಜೆ ಆದ ಮೇಲೆ ನಮ್ಮ ದೇವರ ಕೋಣೆಗೆ ಬನ್ನಿ. ಇಳಿಜಾರು ಇಡೀ ಅಲ್ಲೇ ಉಂಟು.”