ಮೂವತ್ತೆರಡು ಸಲ ಅಗಿದ ರೊಟ್ಟಿ

ಜುಲೈ ಏಳು, ಸೋಮವಾರ, ರಾತ್ರಿ ಎಂಟು ಗಂಟೆ ನಾಲ್ಕು ನಿಮಿಷ. ಪ್ರತಿ ತುತ್ತನ್ನೂ ಮೂವತ್ತೆರಡು ಸಲ ಅಗಿದು ನುಂಗುವ ಅಭ್ಯಾಸ ಶುರು ಮಾಡಿದ್ದು ಆಗ. ಒಳ್ಳೆಯ ಅಭ್ಯಾಸಗಳ ತೊಂದರೆ ಏನೆಂದರೆ, ಮನೆಯಲ್ಲಿ ಒಬ್ಬರಿಗೆ ಬಂದರೆ ಉಳಿದವರೂ ಅನುಭವಿಸಬೇಕಾಗುತ್ತದೆ. ಇದು ನನಗೆ ತಿಳಿಯಲು ಒಂಬತ್ತು ದಿನ ಹಿಡಿಯಿತು.

ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಬೋಲ್ಟುಗಳ ಅಳತೆ ಸರಿಯಿದೆಯೇ ಎಂದು ನೋಡುವುದು ನನ್ನ ಕೆಲಸ. ಎಣಿಸಿ ಬರೆದಿಡುವ ಚಟ ಆ ಕೆಲಸದಿಂದ ಬಂತೋ, ಚಟ ಇದ್ದುದಕ್ಕೆ ಕೆಲಸ ಸಿಕ್ಕಿತೋ, ಹಳೆಯ ದಿನಚರಿಗಳಲ್ಲೂ ಪತ್ತೆಯಾಗಿಲ್ಲ. ಎದೆಯುರಿಯ ಲೆಕ್ಕ ಮಾತ್ರ ಸ್ಪಷ್ಟವಾಗಿತ್ತು: ಜೂನಿನಲ್ಲಿ ಹದಿನೇಳು ದಿನ. ಕಾರ್ಖಾನೆಯ ಊಟದ ಕೋಣೆಯ ಗೋಡೆಗೆ ಯಾರೋ ಆರೋಗ್ಯಕ್ಕೆ ಹತ್ತು ಸೂತ್ರಗಳೆಂಬ ಹಾಳೆ ಅಂಟಿಸಿದ್ದರು. ಅದರಲ್ಲಿ ಒಂಬತ್ತು ಸೂತ್ರ ಪಾಲಿಸಲು ಕುರ್ಚಿಯಿಂದ ಏಳಬೇಕಿತ್ತು. ನೀರು ಕುಡಿಯುವುದಕ್ಕೂ ಎದ್ದೇ ಹೋಗಬೇಕು. ಉಳಿದದ್ದು ಅಗಿಯುವುದು.

ತಾತನ ಕಾಲದಲ್ಲಿ ಕಲಬುರಗಿ ಕಡೆಯಿಂದ ಮೆಹದಿಪಟ್ಟಣಂಗೆ ಬಂದವರು ನಾವು. ಓಣಿಯಲ್ಲಿ ತೆಲುಗು, ಬಸ್ಸಿನಲ್ಲಿ ಹಿಂದಿ, ರಾತ್ರಿ ತಾಟಿನಲ್ಲಿ ಜೋಳದ ರೊಟ್ಟಿ. ಅವ್ವ ಒಂದೊಂದಾಗಿ ಬಡಿದು ಹಂಚಿನಿಂದ ನೇರ ತಾಟಿಗೆ ಹಾಕುತ್ತಾಳೆ. ಆರಿದ ರೊಟ್ಟಿ ಹಾಕುವುದು ಅವಳಿಗೆ ಅವಮಾನ. ಹಾಗಾಗಿ ಒಂದು ಮುಗಿದ ಮೇಲೇ ಇನ್ನೊಂದು, ನಮ್ಮೆಲ್ಲರದು ಮುಗಿದ ಮೇಲೇ ಅವಳ ಊಟ. ಅವಳಿಗೆ ಸಕ್ಕರೆ ಕಾಯಿಲೆ. ಎಂಟಕ್ಕೆ ಗುಳಿಗೆ ನುಂಗಿ ಎಂಟೂವರೆಗೆ ಉಣ್ಣಲೇಬೇಕೆಂದು ವೈದ್ಯರು ಹೇಳಿದ್ದಾರೆ. ನನ್ನ ಮೂರು ರೊಟ್ಟಿಗೆ ಹನ್ನೊಂದು ನಿಮಿಷ ಸಾಕಾಗುತ್ತಿದ್ದುದರಿಂದ ಅದು ನಡೆದುಕೊಂಡು ಹೋಗುತ್ತಿತ್ತು.

ಮೊದಲ ದಿನ ಮೊದಲ ತುತ್ತಿಗೇ ಅವ್ವ ಕೇಳಿದಳು, "ಹ್ಯಾಂಗ ಆಗ್ಯಾವೋ ರೊಟ್ಟಿ?"

ನಾನು ಹನ್ನೊಂದರಲ್ಲಿದ್ದೆ. ಮಾತಾಡಿದರೆ ಎಣಿಕೆ ತಪ್ಪುತ್ತದೆ. ತಡೆ ಎಂದು ಕೈ ಎತ್ತಿ, ಮೂವತ್ತೆರಡು ಮುಗಿಸಿ, "ಭಾಳ ಚಲೋ ಆಗ್ಯಾವ" ಎಂದೆ. ಅಷ್ಟರಲ್ಲಿ ಅವಳು ಒಲೆಯ ಕಡೆ ತಿರುಗಿಬಿಟ್ಟಿದ್ದಳು.

"ಇಷ್ಟೊತ್ತು ವಿಚಾರ ಮಾಡಿ ಹೇಳೂದಾದ್ರ ಹೇಳಬ್ಯಾಡ ಬಿಡಪ್ಪಾ."

ಅಪ್ಪ ಕೈ ತೊಳೆದು ಬಂದು ನನ್ನನ್ನು ನೋಡಿದರು. "ಎಮ್ಮಿ ಕಟ್ಟಿದ್ರ ಹಾಲರ ಕೊಡ್ತಿತ್ತು. ಇಂವಾ ಬರೇ ಮೆಲುಕು ಹಾಕ್ತಾನ."

ಮೂರನೆಯ ದಿನಕ್ಕೆ ನನ್ನ ಊಟ ನಲವತ್ತಾರು ನಿಮಿಷಕ್ಕೆ ಮುಟ್ಟಿತು. ಎದೆಯುರಿ ಸೊನ್ನೆ. ದಿನಚರಿಯಲ್ಲಿ ಕೆಂಪು ಶಾಯಿಯಿಂದ 'ಯಶಸ್ಸು' ಎಂದು ಬರೆದು ಎರಡು ಗೆರೆ ಎಳೆದೆ.

ಒಂಬತ್ತನೆಯ ದಿನ ಎಂಟೂಮುಕ್ಕಾಲು ದಾಟಿದರೂ ನಾನಿನ್ನೂ ಎರಡನೆಯ ರೊಟ್ಟಿಯಲ್ಲೇ ಇದ್ದೆ. ಒಂದು ತುತ್ತಿನ ಇಪ್ಪತ್ನಾಲ್ಕನೆಯ ಎಣಿಕೆಗೆ ಅಡುಗೆಮನೆಯ ಸದ್ದು ನಿಂತಿತು. ಅವ್ವ ಕಟ್ಟೆ ಹಿಡಿದುಕೊಂಡು ನಿಂತಿದ್ದಳು. ಹಣೆಯೆಲ್ಲ ಬೆವರು, ಹಿಟ್ಟಿನ ಕೈ ಗಡಗಡ ನಡುಗುತ್ತಿತ್ತು. ಗುಳಿಗೆ ನುಂಗಿ ಹೊತ್ತಾದರೂ ಉಂಡಿರಲಿಲ್ಲ, ಮೈಯಲ್ಲಿ ಸಕ್ಕರೆ ಇಳಿದಿತ್ತು. ಅಪ್ಪ ಸಕ್ಕರೆ ಡಬ್ಬಿ ತೆಗೆದರು. ನಾನು ತುತ್ತನ್ನು ಹಾಗೇ ನುಂಗಿ ಓಡಿದೆ. ಆ ದಿನದ ಲೆಕ್ಕದಲ್ಲಿ ಅದು ಇಪ್ಪತ್ನಾಲ್ಕು ಎಂದೇ ಇದೆ.

ನೀರಿಗೆ ಸಕ್ಕರೆ ಕಲಸಿ ಕುಡಿಸಿ, ಅವಳ ನಡುಕ ನಿಂತ ಮೇಲೆ ಕೇಳಿದೆ, "ನೀ ಮೊದಲ ಉಣ್ಣಬಾರದೇನ ಅವ್ವಾ?"

"ನೀ ಉಣ್ಣಾಕತ್ತಿದ್ದಿ. ನಿನಗ ಬಿಸಿದು ಯಾರ ಹಾಕ್ತಾರ?"

ನನ್ನ ತುತ್ತು, ಅಗಿತ, ನಿಮಿಷ, ಉರಿ, ಎಲ್ಲಕ್ಕೂ ದಿನಚರಿಯಲ್ಲಿ ಒಂದೊಂದು ಸಾಲಿತ್ತು. ಅವ್ವ ಎಷ್ಟು ಹೊತ್ತಿಗೆ ಉಂಡಳು ಎಂಬುದಕ್ಕೆ ಇರಲಿಲ್ಲ.

"ನಾಳೆಯಿಂದ ನಾ ಬಡಿತೀನಿ," ಎಂದೆ. ಸಕ್ಕರೆ ನೀರು ಮಾಡದಷ್ಟು ಗುಣವನ್ನು ಆ ಮಾತು ಮಾಡಿತು. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮರುದಿನ ಎಂಟೂವರೆಗೆ ಅವಳನ್ನು ತಾಟಿನ ಮುಂದೆ ಕೂರಿಸಿ ನಾನು ಒಲೆಯ ಮುಂದೆ ನಿಂತೆ. ನನ್ನ ಮೊದಲ ರೊಟ್ಟಿಯ ದಪ್ಪ ನಾಲ್ಕು ಕಡೆ ನಾಲ್ಕು ಥರ ಇತ್ತು, ಅಂಚೆಲ್ಲ ಒಡೆದಿತ್ತು. ಕಾರ್ಖಾನೆಯಲ್ಲಾದರೆ ನಾನೇ ತಿರಸ್ಕರಿಸುತ್ತಿದ್ದೆ.

"ಹ್ಯಾಂಗ ಆಗೇತಿ?" ಎಂದೆ.

ಅವ್ವ ತಡೆ ಎಂದು ಕೈ ಎತ್ತಿದಳು. ನಾನು ಎಣಿಸುತ್ತ ನಿಂತೆ. ಮೂವತ್ತೆರಡು ದಾಟಿತು, ನಲವತ್ತು ದಾಟಿತು. ಐವತ್ತೊಂದಕ್ಕೆ ನುಂಗಿ ಹೇಳಿದಳು, "ಆರೋಗ್ಯಕ್ಕ ಚಲೋ ಐತಿ."

ಇಂದಿಗೆ ಹನ್ನೊಂದು ದಿನ. ಅವ್ವ ಒಂದು ದಿನವೂ ಎಂಟೂವರೆ ತಪ್ಪಿಸಿಲ್ಲ. ಅವಳ ಅಗಿತ ನಲವತ್ತನಾಲ್ಕಕ್ಕೆ ಇಳಿದು ಅಲ್ಲೇ ನಿಂತಿದೆ. ಹಿಟ್ಟಿಗೆ ನೀರೆಷ್ಟು ಎಂದರೆ "ಕೈಗೆ ತಿಳಿತೈತಿ" ಎನ್ನುತ್ತಾಳೆ. ನನ್ನ ಕೈಗೆ ಇನ್ನೂ ಏನೂ ತಿಳಿದಿಲ್ಲ. ಅಂಚು ಒಡೆಯದಂತೆ ರೊಟ್ಟಿ ಬಡಿಯಲು ಬಲ್ಲವರು ದಯವಿಟ್ಟು ಬರೆದು ತಿಳಿಸಬೇಕು, ಸಾಧ್ಯವಾದರೆ ಅಳತೆ ಸಮೇತ.