ಇದ್ದಿಲ ಬಸ್ಸಿನ ಪಾಲುದಾರರು

ಹಿರೀಸಾವೆಯ ಪಾಲಾಕ್ಷಪ್ಪನವರಿಗೆ ಬೆಲ್ಲ ತೂಗಿ ತೂಗಿ ಬದುಕೇ ಅಂಟಂಟಾಗಿತ್ತು. ಬೆಳಗಾದರೆ ಅಂಗಡಿ, ಬೈಗಾದರೂ ಅಂಗಡಿ. ನಡುವೆ "ಇನ್ನೊಂದು ಚೂರು ಹಾಕಿ ಸಾವ್ಕಾರ್ರೇ" ಎಂದು ಗೋಗರೆಯುವ ಗಿರಾಕಿಗಳು. ಆಗ ಹೊಳೆಯಿತು ನೋಡಿ, ಆ ಮಹಾಯೋಜನೆ! ಅಂಗಡಿಯನ್ನು ಪಕ್ಕದಂಗಡಿಯ ಕೆಂಪಣ್ಣನಿಗೆ ಮಾರುವುದು, ಬಂದ ದುಡ್ಡಿನಲ್ಲಿ ಬಸ್ ಕಂಪನಿಯ ಷೇರು ಕೊಳ್ಳುವುದು, ಅದರ ಲಾಭದಲ್ಲಿ ಸಾಯುವ ತನಕ ಸಂಸಾರ ನಡೆಸುವುದು. ಬಸ್ಸು ಓಡುತ್ತಿರುತ್ತದೆ, ತಾವು ಕೂತಿರುತ್ತಾರೆ.

"ಕೂತು ಉಣ್ಣೋರಿಗೆ ಕುಡಿಕೆ ಹೊನ್ನೂ ಸಾಲದು ಅಂತ ದೊಡ್ಡೋರು ಸುಮ್ನೆ ಅಂದಿಲ್ಲ ಕಣ್ರೀ" ಎಂದರು ಹೆಂಡತಿ ಗಂಗಾಂಬಿಕೆ.

"ಅದು ಕುಡಿಕೆಗೇ ಕೈ ಹಾಕೋರಿಗೆ ಕಣೇ! ನಾನು ಹೊನ್ನು ಮುಟ್ಟಕಿಲ್ಲ. ಅದು ಹಾಕೋ ಮರೀನ ಮಾತ್ರ ತಿಂತೀನಿ."

"ಸಿವ ಸಿವಾ! ಲಿಂಗ ಕಟ್ಕೊಂಡೋರು ಮರಿ ತಿನ್ನೋ ಮಾತಾಡ್ತೀರಲ್ಲ!"

ಅಂತೂ ಅಂಗಡಿ ಹೋಯಿತು, ಜಗಲಿಗೆ ಆರಾಮಕುರ್ಚಿ ಬಂತು. ಕಂಪನಿಯ ಚನ್ನರಾಯಪಟ್ಟಣದ ಬಸ್ಸು ಮನೆಯ ಮುಂದೆಯೇ ಹಾಯುತ್ತಿತ್ತು. ಒಳಗೆ ಕೂತವರನ್ನು ನೋಡಿ ಪಾಲಾಕ್ಷಪ್ಪನವರು ಮನೆಖರ್ಚು ಹಂಚುತ್ತಿದ್ದರು. "ನೋಡೇ, ಆ ರುಮಾಲಿನೋನು ನಮ್ಮ ಕಾಫಿಪುಡಿ. ಕುಂಬಳಕಾಯಿ ಇಟ್ಕೊಂಡಿರೋ ಅಜ್ಜಿ ನಿನ್ನ ಎಲೆಅಡಿಕೆ. ಆ ದಪ್ಪಗಿರೋ ಶಾನುಭೋಗ್ರು ಪೂರಾ ಒಂದು ಪಲ್ಲ ರಾಗಿ!"

ಅಷ್ಟರಲ್ಲಿ ಯುದ್ಧ ಬಂತು. ಪೆಟ್ರೋಲು ಹೋಯಿತು, ಬಸ್ಸಿನ ಬೆನ್ನಿಗೆ ಇದ್ದಿಲ ಡ್ರಮ್ಮು ಬಂತು. (ಹಿಟ್ಲರನಿಗೂ ಹಿರೀಸಾವೆಗೂ ಏನು ವೈರವೋ!) ಇದ್ದಿಲ ಹೊಗೆ ಕುಡಿದು ಓಡುವ ಬಸ್ಸು ಪಾಲಾಕ್ಷಪ್ಪನವರ ಮನೆ ಮುಂದಿನ ದಿಬ್ಬ ಕಂಡೊಡನೆ ದಿನವೂ ಕೆಮ್ಮಿ ನಿಂತುಬಿಡುತ್ತಿತ್ತು.

"ಸಾ, ಒಸಿ ಬನ್ನಿ ಸಾ, ತಳ್ಳಿ!" ಎಂದು ಡ್ರೈವರ್ ಪುಟ್ಟಸ್ವಾಮಿ ಕೂಗಿದ.

"ನಾನಾ? ಲೋ, ನಾನು ಮಾಲೀಕ ಕಣಯ್ಯಾ!"

"ಅದ್ಕೇ ಸಾ. ಟಿಕೀಟ್ ತಗಂಡೋರ್ನ ತಳ್ಳಿ ಅಂದ್ರೆ ಬಯ್ತಾರೆ. ನಿಮ್ಗಾದ್ರೆ ಸ್ವಂತದ್ದಲ್ವಾ?"

ಮಾಲೀಕರು ಪಂಚೆ ಎತ್ತಿ ಕಟ್ಟಿ ತಳ್ಳಿದರು. ಹಣೆಯ ವಿಭೂತಿ ಮಸಿಯಲ್ಲಿ ಮುಚ್ಚಿಹೋಯಿತು.

ವರ್ಷ ಕಳೆದ ಮೇಲೆ ಕಂಪನಿ ಹೇಳಿಕಳಿಸಿತು: "ಲಾಭವೆಲ್ಲ ಡ್ರಮ್ಮಿಗೆ ಹೋಯಿತು. ಆದರೆ ಬಂಡವಾಳ ಬೆಳೆದಿದೆ." ಬೆಳೆದ ಬಂಡವಾಳವನ್ನು ಸಾರಿಗೆ ಹಾಕಲಾಗುತ್ತದೆಯೇ? (ಗಂಗಾಂಬಿಕೆ ಕೇಳಿದ್ದೂ ಇದನ್ನೇ, ಇನ್ನಷ್ಟು ಖಾರವಾಗಿ.) ರಾಗಿಯ ವಾಡೆ ತಳ ಕಂಡಿತ್ತು. ಪಾಲಾಕ್ಷಪ್ಪನವರು ಅದರೊಳಗೆ ಇಣುಕಿ ನೋಡಿದರು. ಮತ್ತೆ ತಕ್ಕಡಿ ಹಿಡಿಯಬೇಕೆ? ಅದೂ ತಮ್ಮದೇ ಅಂಗಡಿಯಲ್ಲಿ, ಕೆಂಪಣ್ಣನ ಆಳಾಗಿ?

ಇತ್ತ ಡ್ರಮ್ಮಿಗೆ ಬೆಂಕಿ ಊದುವ ತನಕ ಪ್ರಯಾಣಿಕರು ಜಗಲಿಯ ಮೇಲೆ ಆಕಳಿಸುತ್ತ ಕೂರುತ್ತಿದ್ದರು. ಒಂದು ದಿನ ಗಂಗಾಂಬಿಕೆ ಅವರ ಮುಂದೆ ಬಿಸಿ ಇಡ್ಲಿ ಇಟ್ಟು ಕಾಸು ಕೇಳಿದರು. ಜನ ಕೊಟ್ಟರು, ಮರುದಿನವೂ ಕೊಟ್ಟರು. ಆರಾಮಕುರ್ಚಿ ಅಟ್ಟ ಸೇರಿತು, ಜಗಲಿಗೆ ಬೆಂಚು ಬಂತು, ವಾಡೆ ಮತ್ತೆ ತುಂಬಿತು. ಅಲ್ಲಿಂದಾಚೆಗೆ ಬಸವಣ್ಣನ ಗುಡಿಯಲ್ಲಿ ಗಂಡ "ಬಸ್ಸು ಓಡ್ಲಪ್ಪಾ" ಎಂದು ಕೈ ಮುಗಿದರೆ, ಪಕ್ಕದಲ್ಲೇ ಹೆಂಡತಿ "ನಿಲ್ಲಲಪ್ಪಾ, ಎಲ್ಲಾರೂ ತಿಂದೇಳೋ ಗಂಟ" ಎನ್ನುತ್ತಿದ್ದರು. ಬಸವಣ್ಣ ಹೆಂಗಸರ ಕಡೆ.

ಕೊನೆಗೆ ಚನ್ನರಾಯಪಟ್ಟಣದಲ್ಲಿ ಪಾಲುದಾರರ ಸಭೆ ಕೂಡಿತು. ಅಧ್ಯಕ್ಷ ಗಂಗಾಧರಯ್ಯನವರು ಎದ್ದು ನಿಂತು, "ಇಂಜಿನ್ ರಿಪೇರಿ ಮಾಡಿಸಿದ್ರೆ ಬಸ್ಸು ಹಿರೀಸಾವೆ ದಿಬ್ಬ ನಿಲ್ದೆ ಹತ್ತುತ್ತೆ. ಲಾಭಾನೂ ಬರುತ್ತೆ. ಏನಂತೀರಾ?" ಎಂದರು. ಅರ್ಧ ಜನ ಹೂಂ, ಅರ್ಧ ಜನ ಉಹೂಂ. ಉಳಿದ ಒಂದೇ ಓಟಿಗಾಗಿ ಎಲ್ಲರೂ ಪಾಲಾಕ್ಷಪ್ಪನವರತ್ತ ತಿರುಗಿದರು. ಅವರ ಕಣ್ಣ ಮುಂದೆ ಒಂದು ಕಡೆ ಜೀವಮಾನದ ಕನಸು, ಇನ್ನೊಂದು ಕಡೆ ಬೆಳಗ್ಗೆ ತಿಂದ ಇಡ್ಲಿ.

"ಬ್ಯಾಡ!" ಎಂದು ಗುಡುಗಿದರು. "ಬಸ್ಸು ಇದ್ದಂಗೇ ಚೆನ್ನಾಗದೆ!"

ಮರುದಿನ ಬೆಳಗ್ಗೆ ಎದೆಯುಬ್ಬಿಸಿ ಅಡುಗೆಮನೆ ಬಾಗಿಲಲ್ಲಿ ನಿಂತರು. "ಲೇ, ನಿನ್ನ ಹೋಟ್ಲು ಉಳಿಸಿದೋನು ನಾನು. ಲಾಭದಲ್ಲಿ ನನ್ನ ಪಾಲು ಕೊಟ್ಬುಡು. ಇನ್ನಾದ್ರೂ ಕೂತು ಉಣ್ತೀನಿ."

ಗಂಗಾಂಬಿಕೆ ಮನಸಾರೆ ನಕ್ಕರು. ಸೆರಗಿನಲ್ಲಿ ಮಣೆ ಒರೆಸಿ ಒರಳಿನ ಮುಂದಿಟ್ಟರು.

"ಲಾಭ ಎಲ್ಲಾ ಹೊಸ ಒರಳಿಗೆ ಹೋಯ್ತು ಕಣ್ರೀ. ಆದ್ರೆ ಬಂಡವಾಳ ಬೆಳೆದದೆ. ಬನ್ನಿ, ಚಟ್ನಿ ರುಬ್ಬಿ. ಇದೂ ಕೂತೇ ಮಾಡೋದು."

ಪಾಲಾಕ್ಷಪ್ಪನವರು ಕೂತರು. ಗುಂಡು ಎರಡು ಸುತ್ತು ತಿರುಗಿತ್ತೋ ಇಲ್ಲವೋ, ಹೊರಗೆ ಬಸ್ಸು ಕೆಮ್ಮಿತು.

"ಸಾ, ಒಸಿ ಬನ್ನಿ ಸಾ!"