ಗೋಡೆ ನಮ್ಮದು, ಮೊಳೆ ಹೊಡೆಯಬೇಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಅಲ್ಲಿಗೇ ಬಾಯಿ ಮುಚ್ಚಿದ್ದು ತಪ್ಪು. ಕಟ್ಟಿದ ಮನೆಗೆ ಇನ್ನೊಂದು ಕೋಣೆ ಸೇರಿಸಿ ನೋಡು ಅಂತಲೂ ಹೇಳಬೇಕಿತ್ತು. ಪಕ್ಕದ ಮನೆಯವರು ಎಂಥವರು ಅಂತ ಆಗಲೇ ಗೊತ್ತಾಗುವುದು.

ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹಿಂದೆ ಒಂದು ಸಣ್ಣ ಕೋಣೆಯಲ್ಲಿ ಕೂತು ಮನೆಯ ಪ್ಲಾನ್ ಬರೆದುಕೊಡುವ ಕೆಲಸ ನನ್ನದು. ತೊಂಬತ್ತರ ದಶಕದಲ್ಲಿ ನಮ್ಮ ಸುತ್ತಲಿನ ಜನಕ್ಕೆಲ್ಲ ಒಮ್ಮೆಲೇ ಮಣ್ಣಿನ ಮಾಳಿಗೆಯ ಸೂರಿನ ಮೇಲೆ ಬೇಸರ ಬಂದು ಆರ್‌ಸಿಸಿ ಮೇಲೆ ಮನಸ್ಸಾಯಿತು. ಕೂಡ್ಲಿಗಿಯಿಂದ ಹಡಗಲಿವರೆಗೆ ಎಲ್ಲ ಕಡೆಯಿಂದ ಕರೆ. ಹೋದಲ್ಲೆಲ್ಲ ಒಂದು ಪ್ರಸಂಗ ಕಟ್ಟಿಟ್ಟ ಬುತ್ತಿ.

ನನ್ನ ಹೆಂಡತಿಗೆ ಮಾತ್ರ ಇದರಲ್ಲಿ ನಗು ಬರುತ್ತಿರಲಿಲ್ಲ. "ಊರ ಮಂದಿ ಮನಿಯೆಲ್ಲ ದೊಡ್ಡದು ಮಾಡಿಕೊಡ್ತೀರಿ. ನಾನು ಇನ್ನಾ ಕುಂತ ಅಡಿಗಿ ಮಾಡಾಕತ್ತೀನಿ. ಮೊಣಕಾಲು ಸತ್ತು ಹೋಗ್ಯಾವ. ಒಂದು ನಿಂತು ಅಡಿಗಿ ಮಾಡೋ ಕಟ್ಟಿ ಕಟ್ಟಿಸ್ರಿ ಅಂದ್ರ ಆಗವಲ್ದು," ಅನ್ನುತ್ತಿದ್ದಳು. ಆಗದಿರುವುದಕ್ಕೆ ಕಾರಣ ಇತ್ತು. ಅದನ್ನು ಕೊನೆಗೆ ಹೇಳುತ್ತೇನೆ, ಯಾಕೆಂದರೆ ಅದನ್ನು ಹೇಳಿದ ಮೇಲೆ ಉಳಿದವು ಸಪ್ಪೆ ಅನ್ನಿಸುತ್ತವೆ.

ನುಂಗಿದ ಹದ್ದು

ಹಗರಿಬೊಮ್ಮನಹಳ್ಳಿಗೆ ಮೈಸೂರು ಕಡೆಯಿಂದ ಒಬ್ಬ ಹೊಸ ಎಂಜಿನಿಯರ್ ಬಂದಿದ್ದ. ಒಳ್ಳೆಯ ಹುಡುಗ, ಆದರೆ ನಮ್ಮ ಮಾತು ಹೊಸದು. ಒಬ್ಬ ಅಜ್ಜ ಹಿತ್ತಲಲ್ಲಿ ಕೋಣೆ ಕಟ್ಟಿಸಬೇಕು ಅಂತ ನಮ್ಮಿಬ್ಬರನ್ನೂ ಕರೆಸಿದ. ಹೋಗಿ ನಿಂತ ಕೂಡಲೇ ಅಜ್ಜ ದೂರು ಶುರುಮಾಡಿದ.

"ಸಾಹೇಬ್ರ, ಮೊದ್ಲ ನಮ್ಮ ಹದ್ದು ಎಲ್ಲೈತಿ ನೋಡ್ರಿ."

ನಮ್ಮಲ್ಲಿ ಹದ್ದು ಅಂದರೆ ಜಾಗದ ಗಡಿ. ಹುಡುಗ ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡಿದ.

"ಮ್ಯಾಲೇನ್ ನೋಡ್ತೀರಿ? ಹದ್ದು ಎಲ್ಲೈತಿ ಈಗ! ಬಾಜೂಮನಿಯವ್ರು ನುಂಗ್ಯಾರ."

"ನುಂಗಿದ್ದಾರಾ? ಹದ್ದನ್ನಾ?"

"ಒಮ್ಮೆಲೇ ಅಲ್ರಿ. ಅವ್ರಪ್ಪ ಒಂದೀಟು ನುಂಗಿದ, ಇವ್ನು ಒಂದೀಟು ನುಂಗಿದ. ಈಗ ಇವನ ಮಕ್ಳಿಗೂ ರುಚಿ ಹತ್ತೈತಿ."

ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ನನ್ನನ್ನು ಪಕ್ಕಕ್ಕೆ ಕರೆದು, ಪಕ್ಕದ ಮನೆಯವರಿಗೆ ಕೇಳಿಸದ ಹಾಗೆ ಪಿಸುಗುಟ್ಟಿದ: "ಸಾರ್, ಇದು ನಮ್ಮ ಕೈಲಿ ಆಗಲ್ಲ. ಫಾರೆಸ್ಟ್‌ನೋರಿಗೆ ಹೇಳೋಣ."

ಬೀಗರ ಅಳತೆ

ಬಾಗಿಲು ಬದಲಿಸುವವರಿಗೆ ನಾನು ತಪ್ಪದೆ ಹೇಳುವ ಮಾತೊಂದಿದೆ. ಚೌಕಟ್ಟು ಚೆಂದ ಕಂಡಿತು ಅಂತ ತರಬೇಡಿ, ಮನೆಯಲ್ಲಿ ಎಲ್ಲರಿಗಿಂತ ದಪ್ಪ ಇರುವವರು ಸರಾಗವಾಗಿ ದಾಟುವಂತಿರಲಿ. ಚಿಗಟೇರಿ ಹತ್ತಿರದ ಒಬ್ಬ ರೈತನಿಗೂ ಹಾಗೇ ಹೇಳಿದ್ದೆ. ಅವನು ಹರಪನಹಳ್ಳಿಗೆ ಹೋಗಿ ಹೂಬಳ್ಳಿ ಕೆತ್ತಿದ ಹೊಸ ಚೌಕಟ್ಟು ತಂದು, ಹಳೆಯ ತಲೆಬಾಗಿಲು ಕಿತ್ತು ಕೂರಿಸಿದ. ಸಿಮೆಂಟು ಒಣಗಿದ ದಿನ ನನಗೆ ಫೋನ್ ಬಂತು, ಕೂಡಲೇ ಬರಬೇಕಂತೆ.

ಹೋಗಿ ನೋಡಿದರೆ ಮನೆಯವರೆಲ್ಲ ಹೊರಗೆ ನಿಂತಿದ್ದಾರೆ. ಒಳಗಿನಿಂದ ಎಮ್ಮೆ ತಲೆ ಹೊರಗೆ ಹಾಕಿ ನಮ್ಮನ್ನು ನೋಡುತ್ತಿದೆ. ತಲೆ ಬರುತ್ತದೆ, ಹೊಟ್ಟೆ ಬರುವುದಿಲ್ಲ. ನಮ್ಮ ಕಡೆ ಹಳೆಯ ಮನೆಗಳಲ್ಲಿ ದನ ಕಟ್ಟುವುದೂ ಮನೆಯೊಳಗೇ, ಮನುಷ್ಯರಿಗೂ ದನಕ್ಕೂ ಅದೊಂದೇ ಬಾಗಿಲು.

"ಹೇಳಿದ್ನೆಲ್ಲಪಾ, ಎಲ್ಲರಿಗಿಂತ ದಪ್ಪ ಇದ್ದೋರ್ನ ನೋಡಿ ಅಳತಿ ಇಡು ಅಂತ!" ಅಂದೆ.

"ಇಟ್ಟಿದ್ನೆಲ್ರಿ!" ಅಂದ ಅವನು ಅಳುಮೋರೆ ಮಾಡಿ. "ನಮ್ ಬೀಗರ್ನ ಕರೆಸಿ, ಚೌಕಟ್ಟಿನಾಗ ಒಳಗ ಹೊರಗ ಓಡಾಡ್ಸಿ ನೋಡೀನಿ. ಆರಾಮ ಹೊಕ್ಕಾರ. ಎಮ್ಮಿ ನೆನಪಾಗ್ಲಿಲ್ಲ."

ಬೀಗರು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದರು. ಅವರು ಎಮ್ಮೆಯ ಕಡೆಯೂ ನೋಡಲಿಲ್ಲ, ನಮ್ಮ ಕಡೆಯೂ ನೋಡಲಿಲ್ಲ. ಚೌಕಟ್ಟು ಕೂರಿಸಿದ ಗೌಂಡಿಯನ್ನು ಕರೆಸಿ ಕಿತ್ತುಹಾಕು ಅಂದರೆ ಅವನು ಬೀಡಿ ಹಚ್ಚಿ ಸಮಾಧಾನ ಹೇಳಿದ.

"ಬಾಗ್ಲದಾಗೇನೂ ದೋಷ ಇಲ್ರಿ. ಎಮ್ಮಿ ಗಬ್ಬ ಐತಿ. ಈದ ಮ್ಯಾಲ ತಾನ ಸರಿ ಹೊಕ್ಕತಿ."

ಮಾಳಿಗೆ ನೀರು

ಇನ್ನೊಂದು ಮಾತು ಹೇಳುತ್ತೇನೆ, ಮನೆ ಕಟ್ಟುವವರು ಸೆರಗಿಗೆ ಗಂಟು ಹಾಕಿಕೊಳ್ಳಿ: ನಿಮ್ಮ ಮಾಳಿಗೆಯ ನೀರು ನಿಮ್ಮ ಜಾಗದಲ್ಲೇ ಬೀಳಬೇಕು. ಹೊಳಲಿನಲ್ಲಿ ಒಬ್ಬ ಮುದುಕಿ, ಪಕ್ಕದ ಮನೆಯ ಮಾಳಿಗೆ ನೀರು ತನ್ನ ಅಂಗಳಕ್ಕೆ ಬೀಳುತ್ತದೆ ಅಂತ ಮೂರು ಮಳೆಗಾಲ ಬೈದಳು. ಕಡೆಗೆ ಪಕ್ಕದವನು ನನ್ನ ಮಾತು ಕೇಳಿ ಕೊಳವೆಯನ್ನು ತನ್ನ ಹಿತ್ತಲಿಗೆ ತಿರುಗಿಸಿ, ಕೆಳಗೊಂದು ತೊಟ್ಟಿ ಕಟ್ಟಿದ. ಆ ವರ್ಷ ನಲ್ಲಿ ನೀರು ಸರಿಯಾಗಿ ಬರಲಿಲ್ಲ. ಅವನ ತೊಟ್ಟಿ ಮಾತ್ರ ತುಂಬಿ ತುಳುಕಿತು. ಮುದುಕಿ ಖಾಲಿ ಕೊಡ ಎತ್ತಿಕೊಂಡು ಕೆಂಡದಂಥ ಸಿಟ್ಟಿನಲ್ಲಿ ನನ್ನ ಹತ್ತಿರ ಬಂದಳು.

"ನಮ್ಮತ್ತಿ ಕಾಲದಿಂದ ನಮ್ಮ ಅಂಗಳಕ್ಕ ಬೀಳ್ತಿದ್ದ ನೀರು! ಯಾರ್ನ ಕೇಳಿ ತಿರುಗಿಸಿದ್ರಿ?"

"ನೀವ ಬೈತಿದ್ರೆಲ್ಲಬೇ!"

"ಬೈಯೋದೂ ನನ್ನ ಹಕ್ಕ, ನೀರೂ ನನ್ನ ಹಕ್ಕ."

ನಡುಗೋಡೆ

ಈಗ ನಮ್ಮ ಮನೆಗೆ ಬರುತ್ತೇನೆ. ನಮ್ಮ ಅಡುಗೆಮನೆಗೂ ಪಕ್ಕದ ಕಿರಾಣಿ ಅಂಗಡಿ ಯಜಮಾನರ ಅಡುಗೆಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಮಾಳಿಗೆ ತೀರಾ ತಗ್ಗು, ಒಲೆ ಮೇಲೆತ್ತಿದರೆ ತೊಲೆಗೆ ಬೆಂಕಿ ಹತ್ತುತ್ತಿತ್ತು; ಅದನ್ನು ತೆಗೆದು ಸ್ಲ್ಯಾಬ್ ಹಾಕದೆ ಹೆಂಡತಿಯ ಕಟ್ಟೆ ಆಗುವಂತಿರಲಿಲ್ಲ. ಸ್ಲ್ಯಾಬ್ ಆ ಗೋಡೆಯ ಮೇಲೇ ಕೂರಬೇಕು. ಹೋಗಿ ಕೇಳಿದೆ.

"ಗೋಡಿ ನಮ್ಮದು," ಅಂದರು ಯಜಮಾನರು. "ನಮ್ಮಪ್ಪ ಕಟ್ಟಿಸಿದ್ದು. ಸ್ಲ್ಯಾಬ್ ಹಂಗಿರ್ಲಿ, ಒಂದು ಮೊಳಿ ಹೊಡಿಯಂಗಿಲ್ಲ."

"ನಿಮ್ಮಪ್ಪ ಹುಟ್ಟೋಕಿಂತ ಮೊದ್ಲ ನಮ್ಮ ತಾತ ಕಟ್ಟಿಸಿದ ಗೋಡಿ ಅದು," ಅಂದೆ ನಾನು. "ನೀವೂ ಮೊಳಿ ಹೊಡಿಯಂಗಿಲ್ಲ."

ಅಲ್ಲಿಗೆ ಮಾತು ಬಿಟ್ಟೆವು. ಎರಡು ವರ್ಷ. ಅವರು ಬೀದಿಯ ಆ ಅಂಚಿನಲ್ಲಿ ಬಂದರೆ ನಾನು ಈ ಅಂಚಿನಲ್ಲಿ. ಊರಿಗೆಲ್ಲ ಹದ್ದಿನ ಬುದ್ಧಿ ಹೇಳುವವನ ಸ್ವಂತ ಅಡುಗೆಮನೆ ಹೀಗೆ ಕೋರ್ಟು ಕಾಣುವ ಹಾಗಾಯಿತು. ಹೆಂಡತಿ ಕೂತೇ ರೊಟ್ಟಿ ಬಡಿಯುತ್ತಿದ್ದಳು. ಪ್ರತಿ ಬಡಿತವೂ ನನಗೇ ಬಿದ್ದ ಹಾಗೆ ಕೇಳುತ್ತಿತ್ತು.

ಕಡೆಗೆ ನಾನು ಅರ್ಜಿ ಕೊಟ್ಟು ಕರೆಸಿದ ಸರ್ವೇಯರ್ ಒಂದು ಸಂಜೆ ಹೊತ್ತು ಬಂದ. ಎರಡೂ ಮನೆ ಅಳೆದ. "ಗೋಡಿ ನಟ್ಟನಡುವ ಗೆರಿ ಹಾಕಿ ಅರ್ಧ ಅರ್ಧ ಮಾಡಿಕೊಡ್ತೀನಿ. ಆದ್ರ ಗೋಡಿ ದಪ್ಪ ಎಷ್ಟೈತಿ?" ಅಂದ. ಅದೇ ಯಾರಿಗೂ ಗೊತ್ತಿಲ್ಲ. ಮುಂದೆ ಎರಡೂ ಮನೆಗೆ ಸೇರಿ ಒಂದೇ ಕಲ್ಲಿನ ಮುಖ, ಹಿಂದೆ ಬಚ್ಚಲುಮನೆ ಅಡ್ಡ. ಗೋಡೆಯ ತುದಿ ಎಲ್ಲೂ ಕಾಣುವುದಿಲ್ಲ.

"ಒಂದು ಸಣ್ಣ ತೂತು ಹಾಕಿ ಅಳಿಯೋಣು," ಅಂದ ಸರ್ವೇಯರ್.

"ಮೊಳಿ ಹೊಡಿಯಾಕ ಬಿಡದೋನು ತೂತು ಹಾಕಾಕ ಬಿಡ್ತೀನೇನ್ರಿ?" ಅಂತ ಯಜಮಾನರು ಎದ್ದು ನಿಂತರು.

"ನಾನೂ ಬಿಡಂಗಿಲ್ಲ!" ಅಂತ ನಾನೂ ಎದ್ದೆ. ತೂತು ಬೇಕಾಗಿದ್ದದ್ದು ನನಗೇ ಅನ್ನುವುದು ಆ ಗಳಿಗೆಯಲ್ಲಿ ಮರೆತೇ ಹೋಗಿತ್ತು.

ಸರ್ವೇಯರ್ ಟೇಪ್ ಸುತ್ತತೊಡಗಿದ. ಇನ್ನು ಈ ಮನುಷ್ಯ ಮತ್ತೆ ಬರುವುದು ಯಾವ ಕಾಲಕ್ಕೋ ಅನ್ನಿಸಿತು ನನಗೆ. ಅಷ್ಟರಲ್ಲಿ ನನ್ನ ಹೆಂಡತಿ ಸೆರಗು ಸೊಂಟಕ್ಕೆ ಸಿಗಿಸಿ, "ಟೇಪ್ ತಗೊಂಡು ಒಳಗ ಬರ್ರಿ," ಅಂದಳು. ಎಲ್ಲರೂ ಅಡುಗೆಮನೆಗೆ ಹೋದೆವು. ಅವಳು ಗೋಡೆಯ ಗೂಡಿನಲ್ಲಿದ್ದ ಜೋಳದ ಹಿಟ್ಟಿನ ಡಬ್ಬಿ ಎತ್ತಿ ಕೆಳಗಿಟ್ಟಳು. ಹಿಂದೆ ಕತ್ತಲು. ಆ ಕತ್ತಲಿಗೆ ಬಾಯಿ ಹಚ್ಚಿ, "ಅಕ್ಕಾರ, ಟೇಪ್ ಬರಾಕತ್ತೈತಿ, ಹಿಡ್ಕೊಳ್ರಿ," ಅಂದಳು.

ಗೋಡೆಯೊಳಗಿಂದ ಹಸಿರು ಬಳೆ ತೊಟ್ಟ ಕೈಯೊಂದು ಬಂದು ಟೇಪಿನ ತುದಿ ಹಿಡಿದು ಒಳಗೆ ಹೋಯಿತು.

ಯಜಮಾನರು ಗೂಡಿನತ್ತ ಬಗ್ಗಿದರು. "ಅದು... ಅದು ನಮ್ಮನಿಯಾಕಿ ಕೈ!"

"ಯಾರ ಕೈ ಆದ್ರೇನ್ರಿ, ಬಿಗಿ ಹಿಡಿಯಾಕ ಹೇಳ್ರಿ," ಅಂದ ಸರ್ವೇಯರ್.

"ಯಾವಾಗಿಂದ ಇದು?" ಅಂತ ಹೆಂಡತಿಯನ್ನು ಕೇಳಿದೆ.

"ನೀವಿಬ್ರೂ ಮಾತು ಬಿಟ್ಟಾಗಿಂದ. ನಮ್ಮ ಹೆಪ್ಪು ಅವ್ರಿಗೆ, ಅವ್ರ ಹೆಪ್ಪು ನಮಗ. ದೀಪ ಹಚ್ಚಿದ ಮ್ಯಾಲ ಹೆಪ್ಪು ಹೊಸ್ತಿಲ ದಾಟಬಾರ್ದಲ್ರಿ? ಹಿಂಗ ಕೊಟ್ರ ಹೊಸ್ತಿಲ ಎಲ್ಲಿ ದಾಟ್ತೈತಿ?"

ನಾನು ಯಜಮಾನರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಎರಡು ವರ್ಷ ಅವರ ಹೆಪ್ಪಿನ ಮೊಸರು ನಾನುಂಡು, ನಮ್ಮ ಹೆಪ್ಪಿನ ಮೊಸರು ಅವರುಂಡು, ತಂಪಾದ ಹೊಟ್ಟೆಯಲ್ಲಿ ಒಬ್ಬರನ್ನೊಬ್ಬರು ಬೈದುಕೊಂಡಿದ್ದೆವು.

ಸರ್ವೇಯರ್ ಗೂಡಿನೊಳಗೆ ಸೀಮೆಸುಣ್ಣದ ಗೆರೆ ಎಳೆದ. "ಇಲ್ಲಿಗೆ ಅರ್ಧ ಅವ್ರದು, ಅರ್ಧ ನಿಮ್ಮದು. ನಿಮ್ಮರ್ಧದ ಮ್ಯಾಲ ಸ್ಲ್ಯಾಬ್ ಕುಂದ್ರಿಸ್ಕೊಳ್ರಿ. ಕಟ್ಟಿನೂ ಕಟ್ಟಿಸ್ಕೊಳ್ರಿ." ಎರಡು ವರ್ಷದಲ್ಲಿ ಮೊದಲ ಸಲ ಹೆಂಡತಿ ನನ್ನ ಕಡೆ ನೋಡಿ ನಕ್ಕಳು. ಸರ್ವೇಯರ್ ಪೆನ್ನು ತಲೆಗೆ ಉಜ್ಜಿಕೊಂಡು ಕೇಳಿದ: "ಅಲ್ರಿ, ಗೋಡಿ ಹಂಚಿದ್ದಾತು. ಈ ತೂತು ಯಾರದಂತ ಬರೀಲಿ?"

"ನಮ್ಮದು!" ಅಂದೆವು ನಾನೂ ಯಜಮಾನರೂ, ಒಂದೇ ಉಸಿರಿಗೆ.

ಗೋಡೆಯೊಳಗಿಂದ ದನಿ ಬಂತು: "ತೂತು ಯಾರದಾರ ಆಗ್ಲಿ, ಮೊದ್ಲ ಟೇಪ್ ತಗೊಂಡು ಹೆಪ್ಪು ಕೊಡ್ರಿ. ಹಾಲು ಆರಾಕತ್ತಾವ!"